ಮೀಸೆ ಇಲ್ಲದ ಖಳನಾಯಕ

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಅಂದರೆ ನಾಟಕದ ಜಾತ್ರೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಕಂಪನಿಗಳ ತಗಡಿನ ಥೇಟರುಗಳು ಸಾಲಾಗಿ ನಿಂತಿರುತ್ತವೆ. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಮಾತು, ಫ್ಲೆಕ್ಸ್ ಇನ್ನೂ ಬಂದಿರಲಿಲ್ಲ. ಸುತ್ತಲ ಹಳ್ಳಿಗಳ ಮಂದಿ ಥೇಟರುಗಳ ಮುಂದೆ ಅಡ್ಡಾಡುತ್ತ, ಬೋರ್ಡಿಗೆ ಅಂಟಿಸಿದ ಕಲಾವಿದರ ಫೋಟೊ ನೋಡಿ ಯಾವ ಆಟಕ್ಕೆ ನುಗ್ಗಬೇಕೆಂದು ತೀರ್ಮಾನಿಸುತ್ತಿದ್ದರು. ಹೀಗಾಗಿ ಗದಗಿನ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದ ನನ್ನಂಥವನಿಗೂ ಜಾತ್ರೆಯಲ್ಲಿ ಕರೆ ಇರುತ್ತಿತ್ತು.

ಆ ವರ್ಷ ಕರೆಸಿದ ಕಂಪನಿ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಆಡುತ್ತಿತ್ತು. ಮೊದಲು ಕಂಪನಿ ನಾಟಕವಾಗಿದ್ದ ಅದು 1974ರಲ್ಲಿ ರಾಜ್‌ಕುಮಾರ್ ಸಿನಿಮಾ ಆಯಿತಲ್ಲ, ಅಲ್ಲಿ ವಜ್ರಮುನಿಯ ಕಣ್ಣು ಕಂಡ ಮಂದಿಗೆ ಇಲ್ಲೂ ಅಂಥದೇ ಬೇಕಿತ್ತು. “ನಮ್ಮ ಖಳನಾಯಕನ ಫೋಟೊ ನೋಡಿದ್ರ ಎದಿ ಝಲ್ ಅನಬೇಕು” ಅಂದರು ಮಾಲೀಕರು.

ರಾತ್ರಿ ವಿಂಗಿನಲ್ಲಿ ನಿಂತು ಆಟದ ಫೋಟೊ ತೆಗೆದೆ. ನಾಟಕಕ್ಕೆ ಫ್ಲ್ಯಾಶ್ ಹೊಡೆಯುವಂತಿಲ್ಲ. ನಟನಿಗೆ ಕಣ್ಣು ಕತ್ತಲೆಗಟ್ಟಿ ಮಾತೇ ತಪ್ಪೀತು. 400ರ ಓರ್ವೊ ಫಿಲಂ ಹಾಕಿ, ಲೆನ್ಸ್ ಪೂರ್ತಿ ತೆರೆದು, ಶಟರ್ 60ಕ್ಕೆ ಇಟ್ಟುಕೊಂಡು ಕಾಯಬೇಕು. ಮಾತು ಮುಗಿಸಿದ ನಟ ಚಪ್ಪಾಳೆಗೆಂದು ಒಂದು ಕ್ಷಣ ನಿಲ್ಲುತ್ತಾನಲ್ಲ, ಒತ್ತುವುದು ಆಗ. ಹಿಂದೆ ಕಪ್ಪು ಪರದೆ ಇದ್ದರೆ ಮೀಟರ್ ಕತ್ತಲನ್ನೇ ಓದುತ್ತದೆ. ಅದರ ಮಾತು ಕೇಳಿದರೆ ಬಣ್ಣದ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ.

ಬೋರ್ಡಿಗೆ ಬೇಕಾದ ಮುಖ ಮರುದಿನ ಮಧ್ಯಾಹ್ನಕ್ಕೆ ಉಳಿಯಿತು. ಖಳನಾಯಕ ಪೂರ್ತಿ ಬಣ್ಣ ಹಚ್ಚಿಕೊಂಡೇ ಬಂದರು. ಕಡೆಯ ಸಾಲಿಗೂ ಕಾಣಲೆಂದು ತಿದ್ದಿದ ಹುಬ್ಬು, ಎಳೆದ ಗೆರೆ ಮೂರಡಿ ದೂರದ ಕ್ಯಾಮೆರಾಕ್ಕೆ ಬರೀ ಬಣ್ಣವಾಗಿ ಕಾಣುತ್ತವೆ.

“ಕಾಕಾ, ಮುಖ ತೊಳ್ಕೊಂಡು ಬರ್ರಿ.”

“ತೊಳದ್ರ ಏನ್ ಉಳೀತೈತಿ ತಮ್ಮಾ?” ಅನ್ನುತ್ತಲೇ ಹೋಗಿ ತೊಳೆದುಕೊಂಡರು.

ಥೇಟರಿನ ಪಕ್ಕದ ಒಂದು ತಗಡು ಸರಿಸಿ ಓರೆ ಬೆಳಕು ಬೀಳುವಂತೆ ಮಾಡಿದೆ. ಡ್ರೆಸ್ಸಿನ ಪೆಟ್ಟಿಗೆಯ ಮೇಲೆ ಅವರನ್ನು ಕೂರಿಸಿ, ಆ ಕಡೆಯ ಕೆನ್ನೆಯ ಕತ್ತಲು ತಗ್ಗಲೆಂದು ಹುಡುಗನೊಬ್ಬನ ಕೈಲಿ ಬಿಳಿ ಧೋತರ ಹಿಡಿಸಿದೆ. ಆದರೆ ಕ್ಯಾಮೆರಾ ಎತ್ತಿದರೆ ಸಾಕು, ಕಣ್ಣು ಗುಡ್ಡೆ ಹೊರಬರುತ್ತಿತ್ತು, ಹಲ್ಲು ಕಡಿಯುತ್ತಿದ್ದರು. ತುಂಬಿದ ಥೇಟರಿಗೆಂದೇ ಪಳಗಿದ ಮುಖ ಒಬ್ಬನ ಎದುರು ಸಣ್ಣದಾಗಲು ಒಲ್ಲೆನ್ನುತ್ತಿತ್ತು.

ಹಿಂದಿನ ರಾತ್ರಿ ವಿಂಗಿನಲ್ಲಿ ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. ರಂಗಕ್ಕೆ ನುಗ್ಗುವ ಮುನ್ನ, ಪೇಟಿಯ ಸ್ವರಕ್ಕೆ ಕಿವಿಗೊಟ್ಟು ನಿಂತ ಆ ಮನುಷ್ಯನೇ ಬೇರೆ. ಪೇಟಿ ಮಾಸ್ತರರನ್ನು ಕರೆದು, “ಇವರು ಒಳಗ ಬರೋ ಮುಂದ ಬಾರಿಸ್ತೀರಲ್ಲ, ಅದನ್ನ ಬಾರಿಸ್ರಿ” ಅಂದೆ. ಸ್ವರ ಎದ್ದಿತು. ಬಿಗಿದ ಹೆಗಲು ಇಳಿಯಿತು, ಕಣ್ಣು ನಿಂತಿತು, ಬಾಯಿ ಮುಚ್ಚಿತು. ಒತ್ತಿದೆ.

ಪ್ರಿಂಟ್ ನೋಡಿ ಮಾಲೀಕರು ಹೌಹಾರಿದರು. “ಇವನ್ನ ನೋಡಿ ಯಾರ್ ಅಂಜತಾರೋ? ಸಾಲಿ ಮಾಸ್ತರ ಇದ್ದಂಗ ಅದಾನ! ಮೀಸಿ ಬರಿ.” ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ, ಸುಕ್ಕು ಅಳಿಸುವುದು ಸ್ಟುಡಿಯೊದ ದಿನದ ಕೆಲಸ, ಮೀಸೆ ಯಾವ ಲೆಕ್ಕ? ದೊಡ್ಡ ಪ್ರಿಂಟಿನ ಮೇಲೆ ಕುಂಚದಿಂದ ಗಿರಿಜಾ ಮೀಸೆ ಬರೆದೆ, ಹುಬ್ಬನ್ನೂ ಗಂಟಿಕ್ಕಿಸಿದೆ. ಬೋರ್ಡು ಏರಿತು, ಮಂದಿಯೂ ಬಂತು. ಖಳನಾಯಕ ಮಾತ್ರ ಮೀಸೆ ಇಲ್ಲದ್ದೊಂದು ಕಾಪಿಯನ್ನು ಸ್ವಂತ ದುಡ್ಡು ಕೊಟ್ಟು ಮಾಡಿಸಿಕೊಂಡು ಜೇಬಿಗಿಟ್ಟರು.

ಜಾತ್ರೆ ಕರಗುವಷ್ಟರಲ್ಲಿ ಆ ಕಾಪಿ ಇನ್ನೊಂದು ಕಂಪನಿಯವರ ಕೈಗೆ ಹೋಗಿತ್ತು. ಅವರು ಶರಣರ ನಾಟಕಕ್ಕೆ ಹರಳಯ್ಯನನ್ನು ಹುಡುಕುತ್ತಿದ್ದರು. ಈ ನಟ ಅಬ್ಬರಿಸುವುದನ್ನು ವರ್ಷಗಟ್ಟಲೆ ನೋಡಿದ್ದವರಿಗೆ, ಇವರಿಂದ ಹರಳಯ್ಯನನ್ನು ಆಡಿಸಬಹುದೆಂದು ಹೊಳೆದದ್ದು ಆ ಫೋಟೊ ಕಂಡಾಗಲೇ. ನಟ ಮಾಡಿ ಮುಗಿಸಿದ ಪಾತ್ರ ಬಣ್ಣದ ಮುಖದಲ್ಲಿರುತ್ತದೆ. ಇನ್ನೂ ಸಿಗದ ಪಾತ್ರ ತೊಳೆದ ಮುಖದಲ್ಲಿ.

ಸುಗ್ಗಿ ಮುಗಿದ ಮೇಲೆ ಮಾಲೀಕರು ಹೊಸ ಖಳನಾಯಕನೊಬ್ಬನನ್ನು ಕರೆದುಕೊಂಡು ಸ್ಟುಡಿಯೊಕ್ಕೇ ಬಂದರು. ಮೀಸೆ ಮೊದಲೇ ಅಂಟಿಸಿ ತಂದಿದ್ದರು. “ಒಂದ್ ಫೋಟೊ ತಗದು ನನ್ನ ಖಳನಾಯಕನ್ನ ಕಳದಿ. ಈ ಸಲ ಹಿಂಗ ತಗಿ. ತೊಳದ ಮುಖದ್ದು ಒಂದ್ ಕಾಪೀನೂ ಇವನ ಕೈಗೆ ಕೊಡಬ್ಯಾಡ.”

ಹಾಗೇ ತೆಗೆದುಕೊಟ್ಟೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಆ ಹುಡುಗ ಒಬ್ಬನೇ ಮರಳಿ ಬಂದ. ಮುಖ ತೊಳಕೊಳ್ಳೋಕೆ ನೀರು ಎಲ್ಲೈತ್ರಿ ಅಂತ ಕೇಳಿದ.