ತಗಡಿನ ಮೇಲಣ ಬೆಳಕು, ಬೆನ್ನ ಮೇಲಣ ಹೆಸರು

ತಾಳೆಗರಿಯ ಗ್ರಂಥವೊಂದು ದೊರೆತಾಗ ವಿದ್ವಾಂಸರು ಎರಡು ಸಂಗತಿಗಳನ್ನು ವಿಚಾರಿಸುತ್ತಾರೆ. ಗರಿ ಎಂತಹುದು, ಲಿಪಿ ಯಾವ ಕಾಲದ್ದು ಎಂಬುದೊಂದು. ಯಾರು ಯಾರಿಗಾಗಿ ಪ್ರತಿಮಾಡಿದರು, ಅದು ಯಾವ ಯಾವ ಮನೆಗಳಲ್ಲಿದ್ದು ಬಂದಿತು ಎಂಬುದಿನ್ನೊಂದು. ಮೊದಲನೆಯದು ದ್ರವ್ಯದ ಸಾಕ್ಷಿ, ಎರಡನೆಯದು ಪರಂಪರೆಯ ಸಾಕ್ಷಿ. ಇವೆರಡೂ ಕೂಡಿದಲ್ಲದೆ ಪ್ರಾಚೀನ ವಸ್ತುವಿನ ಪ್ರಾಮಾಣ್ಯವು ನಿಲ್ಲದು. ಛಾಯಾಚಿತ್ರಕ್ಕೂ ಇದೇ ನ್ಯಾಯ ಸಲ್ಲುವುದೆಂಬುದಕ್ಕೆ, ಕ್ಯಾಮರಾದಿಂದ ಪಡೆದು ಇಂದಿಗೂ ಉಳಿದಿರುವ ಚಿತ್ರಗಳಲ್ಲಿ ಅತ್ಯಂತ ಹಳೆಯದೆನಿಸಿದುದರ ಚರಿತ್ರೆಯೇ ನಿದರ್ಶನ.

ಆ ಚಿತ್ರವಿರುವುದು ಕಾಗದದ ಮೇಲಲ್ಲ, 16.2 ಸೆಂಟಿಮೀಟರ್ ಎತ್ತರ, 20.2 ಸೆಂಟಿಮೀಟರ್ ಅಗಲದ ಲೋಹದ ತಗಡಿನ ಮೇಲೆ. ಅದರ ಕರ್ತೃ ಫ್ರಾನ್ಸ್ ದೇಶದ ನಿಸೆಫೋರ್ ನಿಯೆಪ್ಸ್. ಬಿಸಿಲು ತಾಗಿದಲ್ಲಿ ಗಟ್ಟಿಯಾಗುವ ಗುಣವುಳ್ಳ ಒಂದು ಬಗೆಯ ನೈಸರ್ಗಿಕ ಡಾಂಬರನ್ನು ಅವನು ತಗಡಿಗೆ ತೆಳುವಾಗಿ ಲೇಪಿಸಿ, ಕ್ಯಾಮರಾದಲ್ಲಿಟ್ಟು, 1826 ಅಥವಾ 1827ರಲ್ಲಿ ತನ್ನ ಹಳ್ಳಿಮನೆಯ ಮಹಡಿಯ ಕಿಟಕಿಯಿಂದ ಹೊರಗಣ ದೃಶ್ಯದ ಕಡೆಗೆ ತಿರುಗಿಸಿದನು. ಬೆಳಕು ಕಾಣದ ಭಾಗದ ಲೇಪನ ಲ್ಯಾವೆಂಡರ್ ತೈಲದ ದ್ರಾವಣದಲ್ಲಿ ಕರಗಿಹೋಯಿತು, ಉಳಿದುದೇ ಚಿತ್ರ. ಎದುರುಬದುರು ಗೋಡೆಗಳೆರಡರ ಮೇಲೂ ಬಿಸಿಲು ಬಿದ್ದಿರುವುದನ್ನು ನೋಡಿದರೆ, ಸೂರ್ಯನು ಆಕಾಶವನ್ನು ದಾಟುವವರೆಗೂ ಆ ತಗಡು ತಾಳ್ಮೆಯಿಂದ ಕಾದುದು ಸ್ಪಷ್ಟವಾಗುತ್ತದೆ.

1827ರಲ್ಲಿ ನಿಯೆಪ್ಸ್ ಅಸ್ವಸ್ಥನಾಗಿದ್ದ ಅಣ್ಣನನ್ನು ಕಾಣಲು ಇಂಗ್ಲೆಂಡಿಗೆ ಹೋದನು. ಅಲ್ಲಿ ಕ್ಯೂ ಉದ್ಯಾನದ ಸಸ್ಯಚಿತ್ರಕಾರ ಫ್ರಾನ್ಸಿಸ್ ಬೌಯರ್ ಅವನ ಸಾಧನೆಯ ಮಹತ್ತ್ವವನ್ನು ಅರಿತು ರಾಯಲ್ ಸೊಸೈಟಿಗೆ ಬರೆಯುವಂತೆ ಪ್ರೇರಿಸಿದನು. ತನ್ನ ಕ್ರಮದ ರಹಸ್ಯವನ್ನು ನಿಯೆಪ್ಸ್ ಪೂರ್ತಿಯಾಗಿ ಹೊರಗೆಡಹದಿದ್ದುದರಿಂದ ಆ ಸಭೆ ಲೇಖನವನ್ನು ಸ್ವೀಕರಿಸಲಿಲ್ಲ. ನಿರಾಶನಾಗಿ ಹಿಂದಿರುಗುವಾಗ ಅವನು ತಗಡನ್ನು ಬೌಯರನಿಗೆ ಒಪ್ಪಿಸಿದನು. ಬೌಯರನು ಅದರ ಹಿಂಬದಿಯಲ್ಲಿ, ನಿಸರ್ಗದ ಬಿಂಬವನ್ನು ಶಾಶ್ವತವಾಗಿ ನಿಲ್ಲಿಸುವ ನಿಯೆಪ್ಸನ ಮೊದಲ ಸಫಲ ಪ್ರಯೋಗವಿದೆಂದು ತನ್ನ ಕೈಯಾರೆ ಬರೆದಿಟ್ಟನು.

ನಿಯೆಪ್ಸ್ 1833ರಲ್ಲಿ ತೀರಿಕೊಂಡನು. 1839ರಲ್ಲಿ ಛಾಯಾಚಿತ್ರಣದ ಕೀರ್ತಿಯೆಲ್ಲ ಅವನ ಪಾಲುದಾರನಾಗಿದ್ದ ಡಗೇರನಿಗೆ ಸಂದಿತು. ಮಡಿದವನ ಪರವಾಗಿ ಆಗ ಲಂಡನ್ನಿನಲ್ಲಿ ಸಾಕ್ಷಿ ನುಡಿದವನು ಬೌಯರನೇ. ಮರುವರ್ಷ ಅವನೂ ಕಾಲವಾದನು. ತಗಡು ಕೈಯಿಂದ ಕೈಗೆ ಸಾಗಿ, 1898ರಲ್ಲಿ ಲಂಡನ್ನಿನ ಪ್ರದರ್ಶನವೊಂದರಲ್ಲಿ ಕಾಣಿಸಿ, ಬಳಿಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಣ್ಮರೆಯಾಯಿತು. ಚರಿತ್ರಕಾರ ಹೆಲ್ಮುಟ್ ಗೆರ್ನ್‌ಶೈಮ್ ಬಿಡದೆ ಅರಸಿದ ಫಲವಾಗಿ 1952ರಲ್ಲಿ, ದಾಸ್ತಾನಿನಲ್ಲಿ ಬಹುಕಾಲ ಬಿದ್ದಿದ್ದ ಒಂದು ಪೆಟ್ಟಿಗೆಯೊಳಗೆ ಅದು ದೊರೆಯಿತು. ನೇರವಾಗಿ ನೋಡಿದರೆ ಬರಿಯ ಹೊಳಪು. ಓರೆಯಾಗಿ ಹಿಡಿದಾಗಲೇ ಚಿತ್ರ ಮೂಡುವುದು. ಹಿಂಬದಿಯ ಬರಹವಿಲ್ಲದಿದ್ದರೆ ಯಾರಾದರೂ ಅದನ್ನು ಮಸುಕಾದ ಕನ್ನಡಿಯೆಂದು ಎಸೆದಿದ್ದರೆ ಆಶ್ಚರ್ಯವೇನು?

ಇಲ್ಲಿ ಗಮನಿಸಬೇಕಾದುದು ಇನ್ನೊಂದುಂಟು. ಅದೇ ವರ್ಷ ತೆಗೆದ ಪ್ರತಿಯು ಸ್ಫುಟವಾಗಿ ಬಾರದಿರಲು ಗೆರ್ನ್‌ಶೈಮನೇ ಅದನ್ನು ಜಲವರ್ಣದಿಂದ ತಿದ್ದಿದನು. ಜಗತ್ತು ಬಹುಕಾಲ ಮೂಲವೆಂದು ನಂಬಿ ನೋಡಿದುದು ಆ ತಿದ್ದಿದ ಪ್ರತಿಯನ್ನು. ಗ್ರಂಥಗಳಲ್ಲಿ ಪ್ರಕ್ಷೇಪವೆನ್ನುವುದು ಇದನ್ನೇ. ಆದಕಾರಣ ಮೂಲದ್ರವ್ಯವನ್ನೇ ಪ್ರಶ್ನಿಸುವುದು ಅವಶ್ಯವಾಯಿತು. ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ಆರಂಭಿಸಿದ ಪರೀಕ್ಷೆಯಲ್ಲಿ ತಗಡಿನ ಒಂದು ಕಣವನ್ನೂ ಕೆರೆಯಲಿಲ್ಲ. ಕ್ಷ-ಕಿರಣವನ್ನು ಹಾಯಿಸಿದಾಗ ಪ್ರತಿಯೊಂದು ಧಾತುವೂ ತನ್ನದೇ ಆದ ಕಿರಣವನ್ನು ಮರಳಿ ಸೂಸುತ್ತದೆ. ಆ ಗುರುತಿನಿಂದ ತಗಡು ತವರಕ್ಕೆ ಸೀಸ ಬೆರೆಸಿದ ಮಿಶ್ರಲೋಹವೆಂದೂ ಅದರಲ್ಲಿ ತಾಮ್ರ, ಕಬ್ಬಿಣಗಳ ಅಂಶವಿದೆಯೆಂದೂ ತಿಳಿಯಿತು. ಅವಕೆಂಪು ಕಿರಣಗಳ ಪರೀಕ್ಷೆ ಲೇಪನವು ಡಾಂಬರೇ ಎಂಬುದನ್ನು ದೃಢಪಡಿಸಿತು.

ತವರವು ತಾನು ತವರವೆಂದು ಹೇಳಬಲ್ಲುದು. ತನ್ನನ್ನು ರೂಪಿಸಿದವನ ಹೆಸರನ್ನು ಹೇಳಲಾರದು. ಹೆಸರನ್ನು ಉಳಿಸಿದವನು, ಪಡೆದುದನ್ನು ತನ್ನದೆಂದು ಸಾಧಿಸದೆ ಕೊಟ್ಟವನನ್ನು ಸ್ಮರಿಸಿದ ಬೌಯರ್. ಗೆರ್ನ್‌ಶೈಮ್ ತನ್ನ ದೊಡ್ಡ ಸಂಗ್ರಹವನ್ನು 1963ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಮಾರಿದನಾದರೂ ಈ ತಗಡನ್ನು ಮಾತ್ರ ದಾನವಾಗಿ ಕೊಟ್ಟನು. ಆಸ್ಟಿನ್ ನಗರದಲ್ಲಿ ಆಮ್ಲಜನಕ ಸೋಕದ ಪೆಟ್ಟಿಗೆಯಲ್ಲಿ ಅದು ಸುರಕ್ಷಿತವಾಗಿದೆ. ನಿಯೆಪ್ಸನದು ಕಾಯಕವಾದರೆ, ಈ ಕೊಡುಗೆಯನ್ನು ದಾಸೋಹವೆನ್ನಲು ಅಡ್ಡಿಯಿಲ್ಲ.

ನಮ್ಮ ವಿದ್ಯಾಸಂಸ್ಥೆಗಳ ಗೋಡೆಗಳ ಮೇಲೂ ಹಿರಿಯ ಗುರುಗಳ, ದಾನಿಗಳ, ಹಳೆಯ ತರಗತಿಗಳ ಭಾವಚಿತ್ರಗಳಿವೆ. ಅವರ ಗುರುತು ಬಲ್ಲವರು ಇರುವಾಗಲೇ ಪ್ರತಿ ಚಿತ್ರದ ಹಿಂದೆ ಮೃದುವಾದ ಪೆನ್ಸಿಲಿನಿಂದ ಹಗುರವಾಗಿ ಇಸವಿ, ನಿಂತವರ ಹೆಸರು, ಕೊಟ್ಟವರ ಹೆಸರುಗಳನ್ನು ಬರೆದಿಡುವುದು ಪುರಾತನ ವಿದ್ಯಾರ್ಥಿಗಳ ಪವಿತ್ರ ಕರ್ತವ್ಯ. ಮುಖವನ್ನು ಬೆಳಕು ಬರೆದೀತು. ಹೆಸರನ್ನು ಮನುಷ್ಯನೇ ಬರೆಯಬೇಕು.