ಬಾನೆಟ್ಟಿನ ಅಡಿಯ ಸುಖ

ಅಮೆರಿಕದ ಮಸಲ್ ಕಾರು ಕಾರ್ಖಾನೆಯಿಂದ ಅರ್ಧ ಮುಗಿದೇ ಹೊರಬರುತ್ತಿತ್ತು. ಉಳಿದರ್ಧವನ್ನು ಕೊಂಡವನು ಮನೆಯ ಗ್ಯಾರೇಜಿನಲ್ಲಿ ಮುಗಿಸಿಕೊಳ್ಳುತ್ತಿದ್ದ. 1960ರ ದಶಕದ ನಡುವಿನಿಂದ 1970ರ ದಶಕದ ಆರಂಭದವರೆಗೆ ಮೆರೆದ ಈ ಗಾಡಿಗಳ ಮಾತೆತ್ತಿದರೆ ಅಲ್ಲಿನ ಹಿರಿಯರು ಇವತ್ತಿಗೂ ಕಣ್ಣರಳಿಸುತ್ತಾರೆ. ಅವರ ನೆನಪಿನಲ್ಲಿ ಓಡಿಸಿದ್ದಕ್ಕಿಂತ ಬಿಚ್ಚಿ ಜೋಡಿಸಿದ್ದೇ ಹೆಚ್ಚು ಜಾಗ ಹಿಡಿದಿರುತ್ತದೆ.

ಸೂತ್ರ ದೊಡ್ಡದೇನಲ್ಲ: ಮಧ್ಯಮ ಗಾತ್ರದ ಕಾರಿನಲ್ಲಿ ದೊಡ್ಡ ಕಾರಿನ ವಿ-8 ಎಂಜಿನ್ ಕೂರಿಸುವುದು. ಇದನ್ನು ಮನೆಮಾತು ಮಾಡಿದ್ದು 1964ರ ಪಾಂಟಿಯಾಕ್ ಜಿಟಿಒ. ಆ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಕೂಡದೆಂದು ಮಾತೃಸಂಸ್ಥೆ ಜನರಲ್ ಮೋಟರ್ಸ್ ಕಟ್ಟಪ್ಪಣೆ ಮಾಡಿತ್ತು. ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು ರಂಗೋಲಿಯ ಕೆಳಗೆ ನುಸುಳಿದರು. ಹೊಸ ಮಾದರಿ ಎಂದರೆ ಮೇಲಿನವರ ಒಪ್ಪಿಗೆ ಬೇಕು; ಇದ್ದ ಟೆಂಪೆಸ್ಟ್ ಕಾರಿಗೇ ‘ಹೆಚ್ಚುವರಿ ಸಲಕರಣೆ’ ಎಂದು ಬರೆದುಬಿಟ್ಟರೆ ಬೇಡ. ಹೀಗೆ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ ಅದರ ಹೊಟ್ಟೆ ಸೇರಿತು. ಮೊದಲ ವರ್ಷವೇ 32,000ಕ್ಕೂ ಹೆಚ್ಚು ಗಾಡಿಗಳು ಖರ್ಚಾದವು. ಬೇರೆ ಕಂಪನಿಗಳೂ ಹಿಂದೆಯೇ ಬಂದವು. 1968ರ ಪ್ಲಿಮತ್ ರೋಡ್ ರನ್ನರ್ ಅಂತೂ ನೆಲಹಾಸಿನಂಥ ಒಪ್ಪ ಓರಣಗಳನ್ನು ಕೈಬಿಟ್ಟು ದುಡ್ಡನ್ನೆಲ್ಲ ಎಂಜಿನ್ನಿಗೆ ಸುರಿದ ಕಾರು. ಕಾರ್ಟೂನ್ ಹಕ್ಕಿಯ ಹೆಸರಿಟ್ಟುಕೊಂಡದ್ದಕ್ಕೆ ತಕ್ಕಂತೆ ಹಾರ್ನ್ ಕೂಡ ‘ಬೀಪ್ ಬೀಪ್’ ಎನ್ನುತ್ತಿತ್ತು.

ಕಾರನ್ನು ಕೊಂಡ ಹಾಗೇ ಇಟ್ಟುಕೊಳ್ಳದ ಚಾಳಿ ಇದಕ್ಕಿಂತ ಹಳೆಯದು. 1932ರಲ್ಲಿ ಫೋರ್ಡ್ ಕಡಿಮೆ ಬೆಲೆಗೆ ವಿ-8 ಎಂಜಿನ್ ಕೊಟ್ಟ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಮಡ್‌ಗಾರ್ಡು ಕಿತ್ತು ಹಗುರ ಮಾಡಿದ ಗಾಡಿಗಳನ್ನು ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಈ ಹುಚ್ಚಿಗೆಂದೇ 1948ರಲ್ಲಿ ‘ಹಾಟ್ ರಾಡ್’ ಪತ್ರಿಕೆ ಹುಟ್ಟಿತು. 1955ರಲ್ಲಿ ಬಂದ ಷೆವರ್ಲೆಯ ‘ಸ್ಮಾಲ್ ಬ್ಲಾಕ್’ ಎಂಜಿನ್ ಈ ಹವ್ಯಾಸಿಗಳ ಪಾಲಿಗೆ ವರವಾಯಿತು. ಒಂದು ವರ್ಷದ ಬಿಡಿಭಾಗ ಇನ್ನೊಂದು ವರ್ಷದ್ದಕ್ಕೆ ಬಹುಮಟ್ಟಿಗೆ ಕೂರುತ್ತಿತ್ತು. ಗುಜರಿಯಲ್ಲಿ ಬಿದ್ದ ಟ್ರಕ್ಕಿನ ಭಾಗವೂ ಉಪಯೋಗಕ್ಕೆ ಬರುತ್ತಿತ್ತು. ಎಲ್ಲದರ ಒರೆಗಲ್ಲು ಕಾಲು ಮೈಲಿ, ಸುಮಾರು 402 ಮೀಟರ್, ನಿಂತಲ್ಲಿಂದ ನೇರಕ್ಕೆ. ಓಟ ನಡೆಯಬೇಕಾದದ್ದು ಡ್ರ್ಯಾಗ್ ಸ್ಟ್ರಿಪ್ಪಿನಲ್ಲಿ. ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂವಿನ ಟ್ರಾಫಿಕ್ ಸಿಗ್ನಲ್ಲುಗಳಲ್ಲಿ ನಡೆದದ್ದೂ ಕಡಿಮೆಯೇನಲ್ಲ.

ಅದೇ ರಸ್ತೆಯ ಆಸುಪಾಸಿನ ರಾಯಲ್ ಓಕ್ ಊರಿನಲ್ಲಿ ರಾಯಲ್ ಪಾಂಟಿಯಾಕ್ ಎಂಬ ಮಾರಾಟಗಾರರಿದ್ದರು. ಅವರು ಜಿಟಿಒಗೆ ಮಾಡುತ್ತಿದ್ದ ‘ಬಾಬ್‌ಕ್ಯಾಟ್’ ತಿದ್ದುಪಡಿ ಕಸುಬುದಾರಿಕೆಗೆ ಒಳ್ಳೆಯ ಮಾದರಿ. ತೆಳು ಹೆಡ್ ಗ್ಯಾಸ್ಕೆಟ್ ಹಾಕಿ ಕಂಪ್ರೆಷನ್ ಏರಿಸುವುದು, ಕಾರ್ಬ್ಯುರೇಟರಿನ ಜೆಟ್ ಬದಲಿಸುವುದು, ಡಿಸ್ಟ್ರಿಬ್ಯೂಟರಿನ ಟೈಮಿಂಗ್ ತಿದ್ದುವುದು, ಬಿಸಿ ಹೊಗೆ ಕಾರ್ಬ್ಯುರೇಟರಿನ ಅಡಿಗೆ ಹೋಗುವ ದಾರಿ ಮುಚ್ಚುವುದು. ನೋಡಲು ಚಿಲ್ಲರೆ ಕೆಲಸ. ಆದರೆ ಚಿಲ್ಲರೆಯೆಲ್ಲ ಕೂಡಿದಾಗ ಗಾಡಿಯ ಗುಣವೇ ಬೇರೆಯಾಗುತ್ತಿತ್ತು. ಈ ಸಾಮಾನಿನ ಕಟ್ಟು ಅಂಚೆಯಲ್ಲೂ ಸಿಗುತ್ತಿದ್ದುದರಿಂದ ದೂರದ ಊರಿನವನೂ ಅಂಗಡಿಗೆ ಕಾಲಿಡದೆ ಅದನ್ನು ಕೂಡಿಸಬಹುದಿತ್ತು.

ಜೆಟ್ ಬದಲಿಸುವುದರಲ್ಲಿ ಒಂದು ತೆರನ ಧ್ಯಾನವಿದೆ. ‘ಹಾಲಿ’ ಕಂಪನಿಯ ಕಾರ್ಬ್ಯುರೇಟರಿನ ಪಕ್ಕದ ಪೆಟ್ರೋಲ್ ಬಟ್ಟಲಿಗೆ ನಾಲ್ಕು ಸ್ಕ್ರೂ. ಸಡಿಲಿಸಿದರೆ ಪೆಟ್ರೋಲ್ ತೊಟ್ಟಿಕ್ಕಿ ಬೆರಳು ತಣ್ಣಗಾಗುತ್ತದೆ. ಒಳಗೆ ಹಿತ್ತಾಳೆಯ ಜೆಟ್ಟುಗಳು, ಒಂದೊಂದರ ಮೈಮೇಲೂ ನಂಬರು. ನಂಬರು ಹೆಚ್ಚಾದಷ್ಟೂ ತೂತು ದೊಡ್ಡದು, ಪೆಟ್ರೋಲ್ ಜಾಸ್ತಿ. ಹಾಕಿ, ಒಂದು ಸುತ್ತು ಜೋರಾಗಿ ಓಡಿಸಿ, ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಯಿತು. ಬೆಳ್ಳಗೆ ಸುಟ್ಟಂತಿದ್ದರೆ ಕಡಿಮೆಯಾಯಿತು, ಪಿಸ್ಟನ್ನಿಗೆ ಕುತ್ತು. ತಿಳಿಗಂದು ಬಣ್ಣ ಬರುವವರೆಗೂ ಇದೇ ಸುತ್ತು. ಇದಕ್ಕೆ ಬೇಕಾದದ್ದು ಒಂದು ಸ್ಕ್ರೂ ಡ್ರೈವರ್, ಪ್ಲಗ್ ಪಾನಾ ಮತ್ತು ಬಿಡುವು.

ಬೀದಿಯ ಆ ತುದಿಯಲ್ಲೇ ಗುರುತು ಹಿಡಿಯಬಹುದಾದ ಬದಲಾವಣೆ ಎಂದರೆ ಕ್ಯಾಮ್ ಶಾಫ್ಟ್‌ನದು. ರೇಸಿನ ಕ್ಯಾಮ್ ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಹೊಗೆ ಹೊರಹೋಗುವ ವಾಲ್ವ್ ಮುಚ್ಚುವ ಮೊದಲೇ ಗಾಳಿ ಬರುವ ವಾಲ್ವ್ ತೆರೆದಿರುತ್ತದೆ. ಎಂಜಿನ್ ವೇಗವಾಗಿ ತಿರುಗುವಾಗ ಹೊರಡುವ ಹೊಗೆಯೇ ಹೊಸ ಗಾಳಿಯನ್ನು ಎಳೆದುಕೊಳ್ಳುವುದರಿಂದ ಲಾಭ. ನಿಂತಲ್ಲಿ ಮೆಲ್ಲಗೆ ತಿರುಗುವಾಗ ಮಾತ್ರ ಸುಟ್ಟ ಹೊಗೆ ಹಿಂದಕ್ಕೆ ನುಗ್ಗಿ ಹೊಸ ಮಿಶ್ರಣವನ್ನು ಕೆಡಿಸುತ್ತದೆ, ಕೆಲವು ಬಾರಿ ಕಿಡಿ ಹತ್ತುವುದೇ ಇಲ್ಲ. ಗುಡುಗುಡು, ನಡುವೆ ಒಂದು ತಡವರಿಕೆ, ಮತ್ತೆ ಗುಡುಗುಡು. ಮಸಲ್ ಕಾರಿನ ಸಂಗೀತವೆಂದು ಹವ್ಯಾಸಿಗಳು ತಲೆದೂಗುವ ಈ ಸದ್ದು, ಲೆಕ್ಕಕ್ಕೆ ಹೇಳುವುದಾದರೆ, ಎಂಜಿನ್ ಸರಿಯಾಗಿ ಉರಿಯುತ್ತಿಲ್ಲದ ಸದ್ದು! ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಕುಸಿದು ಪವರ್ ಬ್ರೇಕ್ ಕೈಕೊಡುವುದು ಬೇರೆ. ಆದರೂ ಆ ತಡವರಿಕೆಗಾಗಿಯೇ ಕ್ಯಾಮ್ ಬದಲಿಸಿದವರಿದ್ದಾರೆ.

ಹಿಂದಿನ ಆಕ್ಸಲ್‌ನ ಗೇರ್ ಅನುಪಾತವನ್ನು 3.23ರಿಂದ 4.10ಕ್ಕೆ ಏರಿಸಿದರೆ ಗಾಡಿ ಸಿಗ್ನಲ್ಲಿನಿಂದ ಚಿಮ್ಮುತ್ತದೆ, ಹೆದ್ದಾರಿಯಲ್ಲಿ ಅರಚುತ್ತದೆ. ಹರ್ಸ್ಟ್ ಗೇರ್ ಲಿವರ್, ಕ್ರೇಗರ್ ಚಕ್ರಗಳು, ಎಡೆಲ್‌ಬ್ರಾಕ್ ಮ್ಯಾನಿಫೋಲ್ಡ್ ಎಲ್ಲರೂ ಬಯಸುತ್ತಿದ್ದ ಆಭರಣಗಳು. ಪ್ರೀತಿ ಎಷ್ಟೇ ಇರಲಿ, ಈ ಗಾಡಿಗಳು ತಿರುವಿನಲ್ಲಿ ದಡ್ಡ. ಬಹಳಷ್ಟಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಎರಡು ಸಲ ಜೋರಾಗಿ ಒತ್ತಿದರೆ ಬಿಸಿಯಾಗಿ ಹಿಡಿತ ಬಿಡುತ್ತಿದ್ದವು. ಓಡುವುದಕ್ಕೆ ಖರ್ಚು ಮಾಡಿದ ಕಂಪನಿಗಳು ನಿಲ್ಲಿಸುವುದಕ್ಕೆ ಮಾಡಲಿಲ್ಲ ಎಂಬ ದೂರು ನ್ಯಾಯವಾದದ್ದೇ.

ಸುಗ್ಗಿ ಮುಗಿದದ್ದು ಬೇಗ. 1970ರ ಷೆವೆಲ್ ಎಸ್‌ಎಸ್ 454ರ ಎಲ್‌ಎಸ್6 ಎಂಜಿನ್ನಿಗೆ 450 ಅಶ್ವಶಕ್ತಿ ಎಂದು ಸಾರಲಾಗಿತ್ತು. ಅದೇ ವರ್ಷ ವಾಯುಮಾಲಿನ್ಯದ ಕಾಯಿದೆ ಬಿಗಿಯಾಯಿತು, ವಿಮೆಯ ಕಂತು ಏರಿತು. ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹೊಂದಿಸಲು ಜನರಲ್ ಮೋಟರ್ಸ್ 1971ರಲ್ಲಿ ಕಂಪ್ರೆಷನ್ ಇಳಿಸಿತು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಕುಡಿಯುವ ಈ ಗಾಡಿಗಳು ಹಳೆ ಕಾರಿನ ಅಂಗಡಿಗಳಲ್ಲಿ ಮೂರು ಕಾಸಿಗೆ ಬಿದ್ದವು. ಹರೆಯದ ಹುಡುಗರಿಗೆ ಅದೇ ಅದೃಷ್ಟ. ಇಂದು ನೆನಪುಗಳ ಭಂಡಾರ ಹೊತ್ತವರಲ್ಲಿ ಹೊಸ ಗಾಡಿ ಕೊಂಡವರಿಗಿಂತ ಆಗ ಹೀಗೆ ಹಳೆಯದನ್ನು ಕೊಂಡವರೇ ಹೆಚ್ಚಿದ್ದರೆ ಆಶ್ಚರ್ಯವಿಲ್ಲ.

ಅವರು ಕಿತ್ತು ಬಿಸಾಡಿದ ಏರ್ ಕ್ಲೀನರ್, ಎರಕದ ಎಗ್ಸಾಸ್ಟ್ ಮ್ಯಾನಿಫೋಲ್ಡುಗಳನ್ನು ಈಗ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಎಂಜಿನ್ ಬ್ಲಾಕಿನ ಮೇಲೆ ಅಚ್ಚಾದ ನಂಬರು ಕಾರಿನ ನಂಬರಿಗೆ ತಾಳೆಯಾದರೆ ಬೆಲೆಯೇ ಬೇರೆ. ಅಂದು ಗ್ಯಾರೇಜಿನಲ್ಲಿ ಮಾಡಿದ ಒಳ್ಳೆಯ ಕೆಲಸ ಇಂದು ಬೆಲೆ ಇಳಿಸುವ ದೋಷ. ಈ ಲೆಕ್ಕಾಚಾರ ಒಪ್ಪದವರು 1997ರಲ್ಲಿ ಕಾರ್ವೆಟ್ಟಿನೊಂದಿಗೆ ಬಂದ ಎಲ್‌ಎಸ್ ಕುಟುಂಬದ ಎಂಜಿನ್ನನ್ನೂ ಡಿಸ್ಕ್ ಬ್ರೇಕನ್ನೂ ಹಳೆ ಕಾರಿಗೆ ಹಾಕಿ ಹಾಯಾಗಿ ಓಡಾಡುತ್ತಾರೆ. ಇಬ್ಬಂದಿಯಲ್ಲಿರುವವರು ಮೂಲ ಎಂಜಿನ್ನಿಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ, ಗ್ಯಾರೇಜಿನ ಮೂಲೆಯ ಸ್ಟ್ಯಾಂಡಿನ ಮೇಲಿಟ್ಟು ಬೇರೆಯದರಲ್ಲಿ ಮನಸೋ ಇಚ್ಛೆ ಕೈಯಾಡಿಸುತ್ತಾರೆ. ಮಾರುವ ದಿನ ಎರಡೂ ಒಟ್ಟಿಗೆ ಹೋಗುತ್ತವೆ.