ಇಬ್ಬರು ಅಸುರರು, ಒಂದೇ ಹಬ್ಬ

ಹಿಂಡಲಕಾಯಿ ಸಾರಿಗೂ ಬಾರದು, ಉಪ್ಪಿನಕಾಯಿಗೂ ಬಾರದು. ಬೇಲಿಯ ಮೇಲೆ, ಗದ್ದೆಯಂಚಿನಲ್ಲಿ ತಾನಾಗಿ ಹಬ್ಬುವ ಬಳ್ಳಿಯ ಪುಟ್ಟ ಕಾಯಿ ಅದು. ಹಸಿರು ಮೈಮೇಲೆ ಮಾಸಲು ಬಿಳಿ ಗೆರೆ. ನಾಲಿಗೆಗೆ ತಾಕಿದರೆ ಮುಖವೇ ಕಿವುಚಿಕೊಳ್ಳುವಷ್ಟು ಕಹಿ. ವರ್ಷವಿಡೀ ಯಾರೂ ಕಣ್ಣೆತ್ತಿ ನೋಡದ ಈ ಕಾಯಿಗೆ ದೀಪಾವಳಿಯ ಮುನ್ನಾದಿನ ಅಂಕೋಲೆಯ ಪೇಟೆಯಲ್ಲಿ ಚೌಕಾಸಿ ನಡೆಯುತ್ತದೆ. ಕೊರಳ ತುಂಬ ಕರಿಮಣಿ ಸರ ಹಾಕಿದ ಹಾಲಕ್ಕಿ ಹೆಂಗಸರು ಅದನ್ನು ಬಳ್ಳಿಸಮೇತ ತಂದಿರುತ್ತಾರೆ. ಪಕ್ಕದಲ್ಲಿ ಸಿಂಗಾರ, ಪಚ್ಚೆತೆನೆ, ಚೆಂಡುಹೂವು, ಮೊಗೆಕಾಯಿ. ಇದರಲ್ಲಿ ಅರ್ಧ ಸಾಮಾನು ಕೊಲ್ಲಬೇಕಾದ ಅಸುರನಿಗೆ, ಇನ್ನರ್ಧ ಕರೆದು ಕೂರಿಸಬೇಕಾದ ಅಸುರನಿಗೆ.

ಅರಬೈಲು ಘಟ್ಟ ಇಳಿದು ಬರುವ ಹುಬ್ಬಳ್ಳಿಯ ಹೆದ್ದಾರಿ ಕರಾವಳಿಯ 66ನೇ ಹೆದ್ದಾರಿಯನ್ನು ಕೂಡುವುದು ಬಾಳೆಗುಳಿಯಲ್ಲಿ. ಲಾರಿಯವರಿಗೆ ಇದು ಬರೀ ಒಂದು ಕ್ರಾಸು. ಇಲ್ಲಿಂದ ಬಡಗಣಕ್ಕೆ, ಕಾರವಾರ ದಾಟಿ ಗೋವೆಯತ್ತ ಹೋದಷ್ಟೂ ದೀಪಾವಳಿಯೆಂದರೆ ನರಕಾಸುರ. ಅಂಕೋಲೆ, ಕುಮಟೆಯ ಒಕ್ಕಲು ಮನೆಗಳಲ್ಲಿ ಹಬ್ಬದ ಯಜಮಾನ ಬಲೀಂದ್ರ. ಮೂರೇ ದಿನದ ಹಬ್ಬದಲ್ಲಿ ಇಬ್ಬರಿಗೂ ಜಾಗ ಇದೆ, ಮರ್ಯಾದೆ ಮಾತ್ರ ಬೇರೆ ಬೇರೆ.

ಮೊದಲು ನರಕನ ಸರದಿ. ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ. ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಶೇಡಿಯಲ್ಲಿ ಗೆರೆ ಎಳೆದು, ಕೊರಳಿಗೆ ಹಿಂಡಲ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತುಂಬುತ್ತಾರೆ. ಚತುರ್ದಶಿಯ ನಸುಕಿನಲ್ಲಿ ಎಣ್ಣೆಸ್ನಾನ. ಕಾರವಾರದ ಕೊಂಕಣಿ ಮನೆಗಳಲ್ಲಿ ಸ್ನಾನದ ಹೊತ್ತಿಗೆ ತುಳಸಿಕಟ್ಟೆಯ ಮುಂದೆ ಅದೇ ಕಹಿಕಾಯನ್ನು ಕಾಲಿನಿಂದ ಒಡೆಯುತ್ತಾರೆ. ಕಾಯಿ ಚಟ್ಟೆಂದರೆ ನರಕ ಸತ್ತ. ಅದರ ರಸ ನಾಲಿಗೆಗೆ ಮುಟ್ಟಿಸಿಕೊಂಡ ಮೇಲೆಯೇ ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿ.

ಪುರಾಣದ ಪ್ರಕಾರ ನರಕ ಭೂದೇವಿಯ ಮಗ. ಪ್ರಾಗ್ಜ್ಯೋತಿಷಪುರದ ದೊರೆ. ಅದಿತಿಯ ಕರ್ಣಕುಂಡಲ ಕಿತ್ತುಕೊಂಡವನು, ಹದಿನಾರು ಸಾವಿರ ಕನ್ಯೆಯರನ್ನು ಸೆರೆಯಲ್ಲಿಟ್ಟವನು. ಕೃಷ್ಣ ಸತ್ಯಭಾಮೆಯನ್ನು ಜೊತೆಗೆ ಕರೆದುಕೊಂಡು ಗರುಡನ ಮೇಲೆ ಬಂದು ಅವನನ್ನು ಕೊಂದ. ಮಗ ಸತ್ತ ಮೇಲೆ ಭೂದೇವಿ ತಾನೇ ಆ ಕುಂಡಲಗಳನ್ನು ತಂದು ಕೃಷ್ಣನಿಗೆ ಒಪ್ಪಿಸಿ, ಮೊಮ್ಮಗ ಭಗದತ್ತನಿಗೆ ಅಭಯ ಬೇಡುತ್ತಾಳೆ. ಭಾಗವತದ ಹತ್ತನೆಯ ಸ್ಕಂಧದ ಈ ಸಂದರ್ಭ ಕಣ್ಣಲ್ಲಿ ನೀರು ತರಿಸುವಂಥದು. ಯಕ್ಷಗಾನದ ನರಕಾಸುರ ವಧೆಯಲ್ಲಿ ಬಣ್ಣದ ವೇಷದ ಅಬ್ಬರಕ್ಕೆ ಸಿಗುವ ಚಪ್ಪಾಳೆ ಈ ತಾಯಿಗೆ ಸಿಗುವುದಿಲ್ಲ.

ಬಲಿಯ ಕಥೆಯೇ ಬೇರೆ. ಅವನು ಯಾರದನ್ನೂ ಕಿತ್ತುಕೊಳ್ಳಲಿಲ್ಲ ಎಂದರೆ ದೇವೇಂದ್ರ ಒಪ್ಪಲಾರ, ಸ್ವರ್ಗ ಕಳೆದುಕೊಂಡಿದ್ದು ಅವನೇ ತಾನೆ. ಆದರೆ ಪ್ರಹ್ಲಾದನ ಈ ಮೊಮ್ಮಗ ಹೆಸರಾದದ್ದು ಕೊಟ್ಟಿದ್ದಕ್ಕೆ. ನರ್ಮದೆಯ ಉತ್ತರ ದಡದ ಭೃಗುಕಚ್ಛದಲ್ಲಿ, ಅಂದರೆ ಇಂದಿನ ಭರೂಚಿನಲ್ಲಿ, ಯಾಗ ನಡೆಸುತ್ತಿದ್ದಾಗ ಕುಳ್ಳ ವಟು ಬಂದು ಮೂರು ಹೆಜ್ಜೆ ನೆಲ ಕೇಳಿದ. ಬಂದವನು ವಿಷ್ಣು, ಕೊಡಬೇಡ ಎಂದು ಗುರು ಶುಕ್ರಾಚಾರ್ಯರು ಎಚ್ಚರಿಸಿದರು. ಗೊತ್ತಿದ್ದೂ ಕೊಟ್ಟ. ತಾಳಮದ್ದಲೆಯ ಅರ್ಥಧಾರಿಗಳು ವಾಮನ ಚರಿತ್ರೆಯಲ್ಲಿ ಗಂಟೆಗಟ್ಟಲೆ ಜಗ್ಗಾಡುವುದು ಇದೇ ಎಳೆಯನ್ನು: ತಿಳಿದೂ ಕೊಟ್ಟವನು ಮೂರ್ಖನೋ, ದೊಡ್ಡವನೋ?

ಬಾದಾಮಿಯಲ್ಲಿ ಮಂಗಲೇಶ 578ರಲ್ಲಿ ಮಾಡಿಸಿದ ಮೂರನೆಯ ಗುಹೆಗೆ ಹೋದರೆ ಕಾಲು ಆಕಾಶಕ್ಕೆತ್ತಿದ ತ್ರಿವಿಕ್ರಮ ಗೋಡೆಯನ್ನೇ ಆವರಿಸಿಕೊಂಡಿದ್ದಾನೆ. ಶಿಲ್ಪಿಯ ಕಣ್ಣು ಗೆದ್ದವನ ಮೇಲಿದೆ. ಉತ್ತರ ಕನ್ನಡದ ಒಕ್ಕಲಿಗನ ಕಣ್ಣು ಪಾತಾಳಕ್ಕೆ ಹೋದವನ ಮೇಲೆ. ವರ್ಷಕ್ಕೊಮ್ಮೆ ಅವನು ಭೂಮಿಗೆ ಬರುವ ಮಾತು ಭಾಗವತದ ವಾಮನ ಕಥೆಯಲ್ಲಿಲ್ಲ. ಅಲ್ಲಿ ಅವನು ಸುತಲದಲ್ಲೇ ಸುಖವಾಗಿದ್ದಾನೆ, ವಿಷ್ಣುವೇ ಬಾಗಿಲು ಕಾಯುತ್ತಾನೆ. ಕರೆಸಿಕೊಂಡವರು ಜನ.

ಹೇಗೆ ಕರೆಸಿಕೊಳ್ಳುತ್ತಾರೆ ನೋಡಿ. ಅಕ್ಕಿಯ ಮೇಲೆ ನೀರು ತುಂಬಿದ ಕಲಶ, ಅದರ ಮೇಲೊಂದು ಕಾಯಿ, ಸುತ್ತ ಸಿಂಗಾರದ ಎಸಳು, ಅಡಿಕೆ, ವೀಳ್ಯದೆಲೆ, ಚೆಂಡುಹೂವಿನ ಸರ. ಕೆಲವು ಮನೆಯಲ್ಲಿ ಮೊಗೆಕಾಯಿಯೂ ಬಂದು ಕೂರುತ್ತದೆ. ಮನೆಮನೆಗೆ ರೀತಿ ಬೇರೆ, ಆದರೆ ಕಿರೀಟವಿಲ್ಲ, ಆಯುಧವಿಲ್ಲ. ಮಳೆಗಾಲದ ಭತ್ತ ಕೊಯ್ಲಿಗೆ ಬಂದ ಹೊತ್ತಿನಲ್ಲಿ ಗದ್ದೆ, ತೋಟ, ಹಿತ್ತಿಲು ಕೊಟ್ಟಿದ್ದನ್ನೇ ಒಟ್ಟುಮಾಡಿ ರಾಜ ಎಂದು ಕರೆಯುವುದು. ಕೊಟ್ಟು ಕೆಟ್ಟ ದೊರೆಗೆ ಬೆಳೆದವರು ಕೊಡುವ ಕಾಣಿಕೆ ಇದು ಅನ್ನಿಸುತ್ತದೆ. ನರಕನಿಗೆ ಬೇಲಿಯ ಕಹಿಕಾಯಿ, ಬಲಿಗೆ ನಟ್ಟು ನೀರುಣಿಸಿದ ಬೆಳೆ: ಲೆಕ್ಕ ಸರಿಯಾಗಿಯೇ ಇದೆ. ಮಲಯಾಳಿಗಳು ಇದೇ ದೊರೆಯನ್ನು ಚಿಂಗಂ ತಿಂಗಳಲ್ಲಿ ಓಣಂಗೆ ಕರೆಯುತ್ತಾರೆ. ತುಳುನಾಡಿನವರು ದೀಪಾವಳಿಯಲ್ಲಿ ಗದ್ದೆಗೆ ದೀಪ ಒಯ್ದು ಕೂಗಿ ಕರೆಯುತ್ತಾರೆ.

ಬಲಿಪಾಡ್ಯದ ಬೆಳಿಗ್ಗೆ ಕೊಟ್ಟಿಗೆಯ ಸರದಿ. ದನಗಳ ಮೈ ತೊಳೆದು, ಶೇಡಿ ಮತ್ತು ಕೆಮ್ಮಣ್ಣಿನ ನೀರಿನಲ್ಲಿ ಪಾತ್ರೆಯ ಬಾಯಿ ಅದ್ದಿ ಬೆನ್ನಿನ ಮೇಲೆ ಒತ್ತುತ್ತಾರೆ. ಕರಿ ಆಕಳ ಮೇಲೆ ಬಿಳಿ ಬಳೆ, ಬಿಳಿ ಆಕಳ ಮೇಲೆ ಕೆಂಪು ಬಳೆ. ಕೊರಳಿಗೆ ಅಡಿಕೆ, ಪಚ್ಚೆತೆನೆಯ ಮಾಲೆ, ತಿನ್ನಲು ಕಡುಬು. ಮಾಲೆಯನ್ನು ಪಕ್ಕದ ಆಕಳು ಅರ್ಧ ತಿಂದಿರುವುದೂ ಉಂಟು. ದನ ಸಾಕುವುದನ್ನು ಬಿಟ್ಟ ಮನೆಗಳಲ್ಲಿ ಈಗ ಅದೇ ಚೆಂಡುಹೂವಿನ ಸರ ಬೈಕು, ರಿಕ್ಷಾಗಳ ಕೊರಳಿಗೆ ಬೀಳುತ್ತದೆ.

ನರಕಾಸುರನ ಪಾಲಿಗೆ ಕಾಲ ಚೆನ್ನಾಗಿದೆ. ಗೋವೆಯಲ್ಲಿ ಚತುರ್ದಶಿಯ ಹಿಂದಿನ ರಾತ್ರಿ ಆಳೆತ್ತರವನ್ನೂ ಮೀರಿದ ನರಕಾಸುರರು ಬೀದಿಗಿಳಿಯುತ್ತಾರೆ. ಸ್ಪರ್ಧೆ, ಬಹುಮಾನ, ಕಿವಿ ಕೆಪ್ಪಾಗಿಸುವ ಹಾಡು, ಕೊನೆಗೆ ಬೆಂಕಿ. ಕಾರವಾರದ ಹುಡುಗರಿಗೂ ಆ ಹುರುಪು ಅಂಟಿದೆ. ಬಲೀಂದ್ರನಿಗೆ ಇನ್ನೂ ಯಾರೂ ಸ್ಪರ್ಧೆ ಇಟ್ಟಿಲ್ಲ. ಅವನನ್ನು ಕೂರಿಸುವುದು ಮನೆಯೊಳಗೆ, ಪಾಡ್ಯದ ಸಂಜೆ ಕಳಿಸಿಕೊಡುವುದು ಮನೆಯವರೇ. ಮರುದಿನದಿಂದ ಎಲ್ಲರೂ ಕೊಯ್ಲಿಗೆ ಆಳು ಹುಡುಕುವ ಗಡಿಬಿಡಿಯಲ್ಲಿರುತ್ತಾರೆ.